ಷರತ್ತು ಕಳಚಿಕೊಂಡ ಸೋಜಿಗಗಳು

ಬೆಂಗಳೂರಿನ ಅಡುಗೆಮನೆಯಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವುದಿಲ್ಲ. ಕಳೆದ ಬೇಸಿಗೆ ರಜೆಗೆ ಹನುಮಂತನಗರದ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗಳು, ಎಂಟನೇ ತರಗತಿಯ ಹುಡುಗಿ, ತನ್ನೊಂದಿಗೆ ತಂದಿದ್ದ ಉದ್ದನೆಯ ಗಾಜಿನ ಥರ್ಮಾಮೀಟರನ್ನು ಕೊತಕೊತನೆ ಕುದಿಯುತ್ತಿದ್ದ ನೀರಿಗೆ ಇಳಿಬಿಟ್ಟು ಐದು ನಿಮಿಷ ಹಿಡಿದು ನಿಂತಿದ್ದಳು. ಕೆಂಪು ಗೆರೆ 97ರ ಹತ್ತಿರ ಬಂದು ನಿಂತಿತು. ಉರಿ ಹೆಚ್ಚಿಸಿದರೂ ಮೇಲೇರಲಿಲ್ಲ. “ಚಿಕ್ಕಮ್ಮಾ, ಇದು ಕೆಟ್ಟೋಗಿದೆ, ಅಂಗಡಿಗೆ ವಾಪಸ್ ಕೊಡೋಣ” ಎಂದಳು. ಕಣ್ಣೆದುರಿನ ಅಳತೆಗಿಂತ ಬಾಯಿಪಾಠವಾಗಿದ್ದ ಒಂದು ಸಂಖ್ಯೆಯ ಮೇಲೆ ಆ ಮಗುವಿಗೆ ಹೆಚ್ಚು ನಂಬಿಕೆಯಿತ್ತು.

ಥರ್ಮಾಮೀಟರ್ ಸರಿಯಾಗಿಯೇ ಇತ್ತು. ನೀರು ಕುದಿಯುವುದೆಂದರೆ ಅದರ ಆವಿಯ ಒತ್ತಡ ಸುತ್ತಲಿನ ಗಾಳಿಯ ಒತ್ತಡಕ್ಕೆ ಸಮನಾಗುವುದು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿನ ಕಡಲತೀರದಲ್ಲಿರುವುದಕ್ಕಿಂತ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಕಡಿಮೆ. ಆದ್ದರಿಂದ ಇಲ್ಲಿನ ನೀರು 97 ಡಿಗ್ರಿಯ ಹೊತ್ತಿಗೇ ಕುದಿಯತೊಡಗುತ್ತದೆ. ಸರಿಸುಮಾರು 300 ಮೀಟರ್ ಏರಿದಂತೆ ಒಂದು ಡಿಗ್ರಿ ಇಳಿಯುತ್ತದೆ ಎಂದು ಲೆಕ್ಕ ಹಿಡಿದರೆ, 1,900 ಮೀಟರ್ ಮೀರಿದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಅದು 94ರ ಆಸುಪಾಸಿಗೆ ಬರುತ್ತದೆ. ಬೇಳೆಯನ್ನು ಬೇಯಿಸುವುದು ಶಾಖವೇ ಹೊರತು ಗುಳ್ಳೆಗಳ ಸದ್ದಲ್ಲ. ಹಾಗಾಗಿ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಮಂಗಳೂರಿಗಿಂತ ಇಲ್ಲಿ ನಿಧಾನವಾಗಿ ಬೇಯುತ್ತದೆ. ಕುಕ್ಕರಿನ ಮುಚ್ಚಳ ಮುಚ್ಚಿದಾಗ ಆವಿ ಒಳಗೇ ಸಿಕ್ಕಿಕೊಂಡು ಒತ್ತಡ ಏರಿ, ನೀರು 120 ಡಿಗ್ರಿಯ ಸಮೀಪಕ್ಕೆ ಹೋಗುವುದರಿಂದ ಈ ವ್ಯತ್ಯಾಸ ನಮ್ಮ ಗಮನಕ್ಕೆ ಬರುವುದೇ ಇಲ್ಲ.

‘ಸಮುದ್ರಮಟ್ಟದ ವಾಯುಒತ್ತಡದಲ್ಲಿ’ ಎಂಬ ಮಾತು ಅವಳ ಪಠ್ಯಪುಸ್ತಕದಲ್ಲಿ ಇತ್ತು. ತರಗತಿಯಲ್ಲಿ ಬರೆದುಕೊಂಡ ಟಿಪ್ಪಣಿಯಲ್ಲಿ ಇರಲಿಲ್ಲ. ಪರೀಕ್ಷೆಗೆ ಉಳಿದದ್ದು ‘100’ ಮಾತ್ರ. ಒಂದು ಸತ್ಯ ಹೀಗೆ ಕೈಯಿಂದ ಕೈಗೆ ದಾಟುವಾಗ ಮೊದಲು ಉದುರುವುದು ಅದರ ಷರತ್ತು: ಎಲ್ಲಿ, ಯಾವಾಗ, ಯಾವುದರಿಂದ, ಯಾವ ಸಂದರ್ಭದಲ್ಲಿ ಅಲ್ಲ ಎಂಬ ವಿವರ. ಇಂದು ನಮ್ಮ ಮೊಬೈಲುಗಳಲ್ಲಿ ದಿನವಿಡೀ ಹರಿದಾಡುತ್ತಿರುವ ‘ನಿಮಗಿದು ಗೊತ್ತೇ?’ ಮಾದರಿಯ ವಿಜ್ಞಾನ, ಪ್ರಕೃತಿ, ಭಾಷೆಯ ತುಣುಕುಗಳನ್ನು ಸುಳ್ಳು ಮತ್ತು ನಿಜ ಎಂದು ಎರಡು ಬುಟ್ಟಿಗೆ ಹಾಕುವುದಕ್ಕಿಂತ, ಅವುಗಳ ಷರತ್ತು ಎಲ್ಲಿ ಕಳಚಿತು ಎಂದು ನೋಡುವುದು ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಅಪ್ಪಟ ಸುಳ್ಳು ಹೆಚ್ಚು ದಿನ ಬಾಳುವುದು ಕಷ್ಟ. ಷರತ್ತು ಕಳೆದುಕೊಂಡ ನಿಜಕ್ಕೆ ಆಯುಸ್ಸು ಹೆಚ್ಚು.

ಇಂಥ ತುಣುಕುಗಳು ಹೊಸವಲ್ಲ. ಪತ್ರಿಕೆಗಳ ಮೂಲೆಯಲ್ಲಿ ಜಾಗ ತುಂಬಲು ಹಾಕುತ್ತಿದ್ದ ನಾಲ್ಕು ಸಾಲಿನ ಚೌಕಗಳನ್ನು ಕತ್ತರಿಸಿ ನೋಟುಬುಕ್ಕಿಗೆ ಅಂಟಿಸಿಕೊಂಡು ಬೆಳೆದ ತಲೆಮಾರು ನಮ್ಮದು. ಬದಲಾಗಿರುವುದು ಮರುಕಳಿಸುವ ವೇಗ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜವೆನಿಸತೊಡಗುತ್ತದೆ ಎಂಬುದನ್ನು ಹ್ಯಾಷರ್, ಗೋಲ್ಡ್‌ಸ್ಟೀನ್ ಮತ್ತು ಟೊಪಿನೊ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲೇ ತೋರಿಸಿದ್ದರು. ಅವರು ವಿದ್ಯಾರ್ಥಿಗಳ ಮುಂದಿಟ್ಟದ್ದು ರಾಜಕೀಯ ವದಂತಿಗಳನ್ನಲ್ಲ, ಸಾಮಾನ್ಯಜ್ಞಾನದ ಹೇಳಿಕೆಗಳನ್ನೇ. ಸುಮಾರು 1,26,000 ಸುದ್ದಿಗಳು ಟ್ವಿಟರ್‌ನಲ್ಲಿ ಹಬ್ಬಿದ ಬಗೆಯನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ನಿಜಸುದ್ದಿಗಿಂತ ಸುಳ್ಳುಸುದ್ದಿ ಮುಂದಕ್ಕೆ ದಾಟುವ ಸಾಧ್ಯತೆ ಶೇ 70ರಷ್ಟು ಹೆಚ್ಚು ಎಂದು ಕಂಡುಕೊಂಡಿತು; ಕೇಳಿದವರಲ್ಲಿ ಹುಟ್ಟುವ ಬೆರಗು, ಹೊಸದೆಂಬ ಭಾವನೆ ಇದಕ್ಕೆ ಒಂದು ಕಾರಣವಿರಬಹುದು ಎಂದಿತು. ಅದೇ ವರ್ಷ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳುಹಿಸಬಹುದೆಂಬ ಮಿತಿ ಹೇರಿತು. ಮಿತಿ ವೇಗವನ್ನು ತಗ್ಗಿಸಬಲ್ಲದು, ಆದರೆ ಉದುರಿಹೋದ ಷರತ್ತನ್ನು ಅದು ಮರಳಿ ಅಂಟಿಸಲಾರದು.

ನಮ್ಮ ಮನೆಯ ಗ್ರೂಪಿನಲ್ಲಿ ವರ್ಷಕ್ಕೆ ಮೂರು ನಾಲ್ಕು ಬಾರಿಯಾದರೂ ತಿರುಗಿ ಬರುವ ಸಂದೇಶವೊಂದಿದೆ: ಅಶ್ವತ್ಥಮರ ಹಗಲು ರಾತ್ರಿ ಆಮ್ಲಜನಕ ಕೊಡುವ ಮರ, ಅದಕ್ಕಾಗಿಯೇ ನಮ್ಮ ಹಿರಿಯರು ಕಟ್ಟೆ ಕಟ್ಟಿ ಪ್ರದಕ್ಷಿಣೆ ಹಾಕಿದರು. ಕಳುಹಿಸುವವರು ಬಸವನಗುಡಿಯಲ್ಲಿರುವ ದೊಡ್ಡಪ್ಪ. ಮರವನ್ನು ಮನಸಾರೆ ಪ್ರೀತಿಸುವ, ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಅರ್ಧ ಗಂಟೆ ಕೂತು ಬರುವ ಮನುಷ್ಯ. ಆದ್ದರಿಂದ ಈ ಸಂದೇಶವನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಮನಸ್ಸು ಬಂದಿರಲಿಲ್ಲ. ಅದರ ಬೇರು ಎಲ್ಲಿದೆ ಎಂದು ಹುಡುಕುತ್ತಾ ಹೋದಾಗ ಸಿಕ್ಕ ಸಂಗತಿ ಸಂದೇಶಕ್ಕಿಂತ ಬಹಳ ದೊಡ್ಡದಾಗಿತ್ತು.

ಎಲೆ ಹೊರಬಿಡುವ ಆಮ್ಲಜನಕ ಬರುವುದು ನೀರಿನ ಅಣು ಒಡೆಯುವುದರಿಂದ. ಅದನ್ನು ಒಡೆಯಲು ಬೆಳಕು ಬೇಕೇ ಬೇಕು. 1941ರಲ್ಲಿ ರೂಬೆನ್, ಕೇಮನ್ ಮತ್ತು ಸಂಗಡಿಗರು ತುಸು ಭಾರವಾದ ಆಮ್ಲಜನಕದ ಪರಮಾಣುಗಳನ್ನು ಗುರುತಾಗಿ ಬಳಸಿ, ಹೊರಬರುವ ಆಮ್ಲಜನಕ ಇಂಗಾಲದ ಡೈಆಕ್ಸೈಡಿನದಲ್ಲ, ನೀರಿನದು ಎಂದು ಖಚಿತಪಡಿಸಿದ್ದರು. ಕತ್ತಲಲ್ಲಿ ಯಾವ ಹಸಿರು ಗಿಡವೂ, ಅಶ್ವತ್ಥವಾಗಲಿ ತುಳಸಿಯಾಗಲಿ, ಆಮ್ಲಜನಕವನ್ನು ಉತ್ಪಾದಿಸುವುದಿಲ್ಲ. ನಮ್ಮಂತೆಯೇ ಅದೂ ಉಸಿರಾಡುತ್ತದೆ, ಅಂದರೆ ಆಮ್ಲಜನಕವನ್ನು ಬಳಸುತ್ತದೆ.

ಹಾಗಾದರೆ ‘ರಾತ್ರಿ’ ಎಂಬ ಮಾತು ಎಲ್ಲಿಂದ ಬಂತು? ಕತ್ತಾಳೆ, ಕಳ್ಳಿ, ಅನಾನಸು, ಲೋಳೆಸರದಂಥ ಗಿಡಗಳು ಬಿಸಿಲಿನಲ್ಲಿ ನೀರು ಆವಿಯಾಗಿ ಹೋಗದಿರಲೆಂದು ಎಲೆಯ ಸೂಕ್ಷ್ಮ ರಂಧ್ರಗಳನ್ನು ಹಗಲಿನಲ್ಲಿ ಮುಚ್ಚಿ, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ. ಅದನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಬೆಳಗಾದ ಮೇಲೆ ಬೆಳಕಿನ ಸಹಾಯದಿಂದ ಸಕ್ಕರೆ ಮಾಡಿಕೊಳ್ಳುತ್ತವೆ. ‘ಕೆಲವು ಗಿಡಗಳು ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರುತ್ತವೆ’ ಎಂಬ ನಿಜದ ಮಾತು ‘ರಾತ್ರಿ ಆಮ್ಲಜನಕ ಕೊಡುತ್ತವೆ’ ಎಂದು ತಿರುಗಲು, ‘ಕೆಲವು ಗಿಡಗಳು’ ಎಂಬುದು ‘ಅಶ್ವತ್ಥ’ವಾಗಲು ಹೆಚ್ಚು ಕೈ ಬದಲಾಗಬೇಕಾಗಿಲ್ಲ.

ಈ ರಾತ್ರಿಪಾಳಿಯ ಗಿಡಗಳ ಕಥೆಗೆ ಬೆಂಗಳೂರಿನ ನಂಟಿದೆ. ಟಿಪ್ಪುವಿನ ನಂತರ ಕೆಲಕಾಲ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಹೇಯ್ನ್, ಎಲೆಯ ಅಂಚಿನಿಂದಲೇ ಮರಿಗಿಡ ಹುಟ್ಟಿಸುವ ಕಾಡುಬಸಳೆಯ ಎಲೆಯನ್ನು ಬೆಳಿಗ್ಗೆ ನಾಲಿಗೆಗೆ ಇಟ್ಟು ನೋಡಿದಾಗ ಅದು ಹುಳಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಸಪ್ಪೆಯಾಗಿತ್ತು. ಅವನು ಇದನ್ನು ಲಂಡನ್ನಿನ ಲಿನಿಯನ್ ಸೊಸೈಟಿಯ ಉಪಾಧ್ಯಕ್ಷ ಲ್ಯಾಂಬರ್ಟ್‌ಗೆ ಬರೆದ ಪತ್ರ 1815ರಲ್ಲಿ ಪ್ರಕಟವಾಯಿತು. ರಾತ್ರಿ ಕೂಡಿಟ್ಟ ಆಮ್ಲ ಹಗಲಿನಲ್ಲಿ ಖರ್ಚಾಗುತ್ತದೆ ಎಂಬ ವಿವರಣೆ ವಿಜ್ಞಾನಕ್ಕೆ ಪೂರ್ತಿಯಾಗಿ ದಕ್ಕಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಯಾವ ಎಲೆ, ಯಾವ ಹೊತ್ತು, ಯಾವ ರುಚಿ ಎಂಬುದನ್ನು ಅವನು ಬಿಡದೆ ಬರೆದಿಟ್ಟದ್ದರಿಂದಲೇ ಆ ಪತ್ರ ಇಂದಿಗೂ ಉಪಯೋಗಕ್ಕೆ ಬರುತ್ತಿದೆ.

ಅಶ್ವತ್ಥದ ದೊಡ್ಡಸ್ತಿಕೆಗೆ ರಾತ್ರಿಯ ಆಮ್ಲಜನಕ ಬೇಕಾಗಿಯೂ ಇಲ್ಲ. ಅತ್ತಿ, ಆಲ, ಅಶ್ವತ್ಥಗಳ ಹಣ್ಣೆಂದು ನಾವು ಕರೆಯುವುದು ಒಳಮುಖವಾಗಿ ಮಡಚಿಕೊಂಡ ನೂರಾರು ಹೂಗಳ ಗೊಂಚಲು. ಒಂದೆರಡು ಮಿಲಿಮೀಟರ್ ಉದ್ದದ ಹೆಣ್ಣು ಕಣಜ ಕಾಯಿಯ ತುದಿಯ ಕಿರಿದಾದ ಬಾಯಿಯಿಂದ ನುಸುಳಿ ಒಳಹೋಗುವಾಗ ರೆಕ್ಕೆ ಕಳೆದುಕೊಳ್ಳುತ್ತದೆ, ಹೂಗಳಿಗೆ ಪರಾಗ ತಲುಪಿಸುತ್ತದೆ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮುಂದೆ ಅಲ್ಲಿ ಹುಟ್ಟುವ ರೆಕ್ಕೆಯಿಲ್ಲದ ಗಂಡುಗಳು ಹೆಣ್ಣುಗಳೊಡನೆ ಕೂಡಿ, ಅವು ಹೊರಹೋಗಲು ಗೋಡೆಯಲ್ಲಿ ತೂತು ಕೊರೆದು, ಹೊರಲೋಕವನ್ನು ಕಾಣದೆಯೇ ಸಾಯುತ್ತವೆ. ಬಹುಮಟ್ಟಿಗೆ ಒಂದೊಂದು ಜಾತಿಯ ಮರಕ್ಕೆ ಅದರದೇ ಕಣಜ. ಕಣಜವಿಲ್ಲದೆ ಬೀಜವಿಲ್ಲ, ಮರವಿಲ್ಲದೆ ಕಣಜವಿಲ್ಲ. ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಎಂದು ನಮ್ಮವರು ಆಡುತ್ತ ಬಂದ ಮಾತಿನ ಹುಳ ಈ ಕಣಜವೇ. ಇದೇ ನಗರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜೆಸ್ ಮತ್ತು ಅವರ ವಿದ್ಯಾರ್ಥಿಗಳು ಅತ್ತಿಮರ ಮತ್ತು ಕಣಜಗಳ ಈ ನಂಟನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಆ ಕೆಲಸದ ಒಂದು ಸಾಲಾದರೂ ನಮ್ಮ ಗ್ರೂಪಿಗೆ ಬಂದದ್ದನ್ನು ನಾನು ಕಂಡಿಲ್ಲ, ಮತ್ತು ಅದು ನನಗೆ ನಿಜಕ್ಕೂ ನೋವಿನ ಸಂಗತಿ.

ಇನ್ನೊಂದು ಉದಾಹರಣೆಗೆ ಮೊಬೈಲೂ ಬೇಡ, ನಮ್ಮ ಮಾತೇ ಸಾಕು. ‘ಮಟಮಟ ಮಧ್ಯಾಹ್ನ, ಸೂರ್ಯ ನೆತ್ತಿಯ ಮೇಲಿದ್ದ’ ಎಂದು ವರ್ಷದ ಯಾವ ದಿನಕ್ಕಾದರೂ ಹೇಳುತ್ತೇವೆ. ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ಬಾರಿ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ. ಅಂದು ನೆಟ್ಟಗೆ ನಿಲ್ಲಿಸಿದ ಲೋಟದ ನೆರಳು ಅದರ ಬುಡದಲ್ಲೇ ಅಡಗಿಬಿಡುತ್ತದೆ. ಶೂನ್ಯ ನೆರಳಿನ ಈ ದಿನವನ್ನು ತೋರಿಸಲು ನಗರದ ಜವಾಹರಲಾಲ್ ನೆಹರೂ ತಾರಾಲಯದಲ್ಲಿ ಮಕ್ಕಳನ್ನು ಸೇರಿಸುವುದುಂಟು. ಏಪ್ರಿಲ್‌ನಲ್ಲಿ ಅದು ಘಟಿಸುವುದು 12 ಗಂಟೆಗಲ್ಲ, 12 ಗಂಟೆ 17 ನಿಮಿಷದ ಸುಮಾರಿಗೆ. ಏಕೆಂದರೆ ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು, ಬೆಂಗಳೂರು ಅದಕ್ಕಿಂತ ಐದು ಡಿಗ್ರಿಯಷ್ಟು ಪಶ್ಚಿಮಕ್ಕಿದೆ. ಹೆಚ್ಚುಕಡಿಮೆ ಇದೇ ಅಕ್ಷಾಂಶದ ಮಂಗಳೂರಿನಲ್ಲಿ ಅದೇ ದಿನ ಇನ್ನೂ 11 ನಿಮಿಷ ತಡ. ಹುಬ್ಬಳ್ಳಿಯವರು ಮೇ ಮೊದಲ ವಾರದವರೆಗೆ, ಕಲಬುರಗಿಯವರು ಎರಡನೇ ವಾರದವರೆಗೆ ಕಾಯಬೇಕು. ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವ ದೆಹಲಿಯಲ್ಲಿ ಅಂಥ ದಿನ ಬರುವುದೇ ಇಲ್ಲ.

ಇದರ ಬೆನ್ನಿಗೇ ಬರುವ ಮಾತು ಇನ್ನೂ ಉಪಯೋಗದ್ದು: ಆ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ಬೆಂಗಳೂರಿನ ನಡುಹಗಲಿನ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉತ್ತರದ ಬಾಲ್ಕನಿಗೆ ಬಿಸಿಲೇ ಬರುವುದಿಲ್ಲ ಎಂಬ ಮಾತನ್ನು ಫ್ಲ್ಯಾಟು ನೋಡಲು ಹೋದಾಗಲೆಲ್ಲ ಕೇಳುತ್ತೇವೆ. ಡಿಸೆಂಬರಿನಲ್ಲಿ ಸೂರ್ಯ ನೆತ್ತಿಯಿಂದ 36 ಡಿಗ್ರಿಯಷ್ಟು ದಕ್ಷಿಣಕ್ಕೆ ವಾಲಿರುವಾಗ ಆ ಮಾತು ನಿಜ. ಮೇ, ಜೂನ್‌ಗಳಲ್ಲಿ ಅದೇ ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಬಿಸಿಲು ಬೀಳುವುದನ್ನು ನಮ್ಮ ಮನೆಯಲ್ಲೇ ನೋಡುತ್ತಿದ್ದೇನೆ.

ಮೊದಲ ಮಳೆಯ ಮಣ್ಣಿನ ಘಮದ ಬಗ್ಗೆಯೂ ಒಂದು ಮಾತು ಹೇಳಬೇಕು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ನಂಬಿದ ನಾಡಿನಲ್ಲಿ ಆ ಘಮಕ್ಕೆ ಬೇರೆ ಜಾಹೀರಾತು ಬೇಡ. ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ಅದಕ್ಕೆ ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಅದರ ಮುಖ್ಯ ಅಂಶವಾದ ಜಿಯೋಸ್ಮಿನ್ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳ ಉತ್ಪನ್ನ, ಬೀಟ್‌ರೂಟಿನ ಮಣ್ಣುವಾಸನೆಯೂ ಅದರದೇ. ಷರತ್ತು ಇಲ್ಲೂ ಇದೆ: ಹನಿ ಬಿದ್ದಾಗ ಮಣ್ಣಿನ ರಂಧ್ರಗಳಲ್ಲಿ ಸಿಕ್ಕಿಕೊಂಡ ಗಾಳಿ ಗುಳ್ಳೆಯಾಗಿ ಒಡೆದು ಆ ಕಣಗಳನ್ನು ಚಿಮ್ಮಿಸುತ್ತದೆ ಎಂದು 2015ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದರು, ಧಾರಾಕಾರ ಮಳೆಗಿಂತ ತೆಳುವಾದ ಮಳೆಯಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಕಾಂಕ್ರೀಟು ಹೊದ್ದ ಅಂಗಳಕ್ಕೆ ಆ ಬ್ಯಾಕ್ಟೀರಿಯಾಗಳನ್ನು ಸಾಕುವ ಮಣ್ಣೇ ಇಲ್ಲ.

ಭಾಷೆಯ ವಿಷಯದಲ್ಲಿ ಷರತ್ತು ಕಳಚುವುದು ಅಭಿಮಾನದ ಹೆಸರಿನಲ್ಲಿ. ನವೆಂಬರ್ ಬಂತೆಂದರೆ ‘ಕನ್ನಡ ಶೇ 99.99ರಷ್ಟು ಪರಿಪೂರ್ಣ ಭಾಷೆ’ ಎಂಬ ಸಂದೇಶ ಬರುತ್ತದೆ. ಭಾಷೆಯ ಪರಿಪೂರ್ಣತೆಯನ್ನು ಶೇಕಡಾ ಲೆಕ್ಕದಲ್ಲಿ ಅಳೆಯುವ ಅಳತೆಗೋಲು ಭಾಷಾವಿಜ್ಞಾನದಲ್ಲಿ ಇಲ್ಲ. ಕನ್ನಡವನ್ನು ಬರೆದಂತೆಯೇ ಓದುತ್ತೇವೆ ಎಂಬ ಜೊತೆಮಾತು ಬಹುಪಾಲು ನಿಜ, ಆದರೆ ಅಂಗ, ಅಂಚು, ಅಂಡ, ಅಂದ, ಅಂಬು ಎಂಬ ಐದು ಪದಗಳನ್ನು ನಿಧಾನವಾಗಿ ಉಚ್ಚರಿಸಿ ನೋಡಬೇಕು. ಬರೆದ ಸೊನ್ನೆ ಒಂದೇ; ನಾಲಿಗೆ ನಾಲ್ಕು ಜಾಗದಲ್ಲಿ ನಿಲ್ಲುತ್ತದೆ, ಐದನೆಯದಕ್ಕೆ ತುಟಿಗಳು ಮುಚ್ಚಿಕೊಳ್ಳುತ್ತವೆ, ಐದು ಬೇರೆ ಬೇರೆ ಅನುನಾಸಿಕಗಳು ಹೊರಡುತ್ತವೆ, ಯಾವುದು ಹೊರಡಬೇಕೆಂದು ಮುಂದಿನ ಅಕ್ಷರ ತೀರ್ಮಾನಿಸುತ್ತದೆ. ಲಿಪಿ ಓದುಗನ ಬಾಯಿಯನ್ನು ನಂಬಿ ಚಿಹ್ನೆ ಉಳಿಸಿದೆ. 99.99ಕ್ಕಿಂತ ನನಗೆ ಈ ಸೊನ್ನೆಯ ಮೇಲೆ ಹೆಚ್ಚು ಹೆಮ್ಮೆ.

ಇದೇ ಬಗೆಯದು ‘ಕಾಫಿ-ಗೀಫಿ’. ಕನ್ನಡ ಮಾತಾಡುವ ಮೂರು ವರ್ಷದ ಮಗುವೂ, ಯಾರೂ ಕಲಿಸದೆ, ಪದದ ಮೊದಲ ಅಕ್ಷರ ಹ್ರಸ್ವವಾದರೆ ‘ಗಿ’, ದೀರ್ಘವಾದರೆ ‘ಗೀ’ ಹಾಕಿ ಜೋಡಿಪದ ಕಟ್ಟುತ್ತದೆ: ಪುಸ್ತಕ-ಗಿಸ್ತಕ, ಊಟ-ಗೀಟ. ನಿನ್ನೆ ಮೊನ್ನೆ ಬಂದ ಪದಕ್ಕೂ ನಿಯಮ ತಪ್ಪುವುದಿಲ್ಲ: ಹೆಲ್ಮೆಟ್ಟು-ಗಿಲ್ಮೆಟ್ಟು, ಮೊಬೈಲು-ಗಿಬೈಲು. ಹಿಂದಿಯವರು ‘ಚಾಯ್-ವಾಯ್’ ಎಂದು ‘ವ’ ಹಾಕುತ್ತಾರೆ. ನಿಯಮದ ಅಕ್ಷರ ಬೇರೆ, ಹೂಟ ಒಂದೇ. ಬೇರೆ ಬೇರೆ ಕುಟುಂಬಗಳ ಭಾಷೆಗಳು ಹೀಗೆ ಹೂಟ ಹಂಚಿಕೊಂಡಿರುವುದನ್ನು ಕಂಡೇ ಭಾಷಾವಿಜ್ಞಾನಿ ಎಂ. ಬಿ. ಎಮನೋ 1956ರಲ್ಲಿ ಭಾರತವನ್ನು ಒಂದು ಭಾಷಾವಲಯವೆಂದು ನೋಡಬೇಕು ಎಂದರು. ಷರತ್ತು? ಪದವೇ ‘ಗಿ’ ಅಥವಾ ‘ಗೀ’ಯಿಂದ ಶುರುವಾದರೆ ಯಂತ್ರ ನಿಂತುಬಿಡುತ್ತದೆ. ಗಿಡಕ್ಕೆ ‘ಗಿಡ-ಗಂಟಿ’ ಎಂದು ಬೇರೆ ದಾರಿ ಹಿಡಿಯುತ್ತೇವೆ. ಗೀಸರಿಗೆ ಜೋಡಿಪದ ಹೇಳು ಎಂದು ಅಕ್ಕನ ಮಗಳನ್ನು ಕೇಳಿದಾಗ ಅವಳು ಎರಡು ಬಾರಿ ಬಾಯಿ ತೆರೆದು, ಎರಡು ಬಾರಿಯೂ ಮುಚ್ಚಿದಳು.

ಗಾಂಧಿ ಬಜಾರಿನ ತರಕಾರಿ ರಾಶಿಯಲ್ಲಿ ತಿಳಿಹಸಿರಿನ, ಮಡಿಕೆ ಬಿದ್ದ ಸೀಮೆಬದನೆಕಾಯಿ ಯಾವಾಗಲೂ ಇರುತ್ತದೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸುಗಳಲ್ಲಿರುವಂತೆ ಇಲ್ಲಿಯೂ ‘ಸೀಮೆ’ ಎಂದರೆ ಪರದೇಶದ್ದು. ಅದೇ ಕಾಯಿಯನ್ನು ತಮಿಳರು ‘ಬೆಂಗಳೂರು ಕತ್ತರಿಕ್ಕಾಯ್’, ಅಂದರೆ ಬೆಂಗಳೂರು ಬದನೆ ಎನ್ನುತ್ತಾರೆ. ಅದು ಬದನೆಯ ಜಾತಿಯದಲ್ಲ, ಸೌತೆ ಕುಂಬಳದ ಬಳಗದ್ದು. ಹುಟ್ಟಿದ್ದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆ. ಎರಡೂ ಹೆಸರುಗಳು ಸಸ್ಯದ ಬಗ್ಗೆ ತಪ್ಪು ಹೇಳಿದರೂ, ಕಾಯಿ ತಮ್ಮ ಊರಿಗೆ ಯಾವ ದಿಕ್ಕಿನಿಂದ ಬಂತೆಂಬ ನೆನಪನ್ನು ಇಟ್ಟುಕೊಂಡಿವೆ.

ನಮ್ಮ ಊರಿನ ಹೆಸರಿಗೂ ಇದೇ ಪರೀಕ್ಷೆ ಒಡ್ಡಬಹುದು. ಬೇಟೆಯಲ್ಲಿ ದಾರಿ ತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಎಂಬ ಕಥೆ ಎಲ್ಲರಿಗೂ ಗೊತ್ತು. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ನಗರದ ದಕ್ಷಿಣಕ್ಕಿರುವ ಬೇಗೂರಿನ ದೇವಾಲಯದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 890ರ ಹಳಗನ್ನಡ ವೀರಗಲ್ಲಿನಲ್ಲಿ ‘ಬೆಂಗಳೂರ ಕಾಳಗ’ದ ಮಾತಿದೆ. ಕಾಳು ಬೇಯುವ ಮುನ್ನೂರು ವರ್ಷ ಮೊದಲೇ ಹೆಸರು ಇತ್ತು. ಕಥೆಯಲ್ಲಿ ಅನ್ನ ಕೊಟ್ಟ ಕೈಯ ನೆನಪಿದೆ, ಅದನ್ನು ಮಕ್ಕಳಿಗೆ ಹೇಳುವುದನ್ನು ನಾನು ಬಿಡುವುದಿಲ್ಲ. ಆದರೆ ಕಲ್ಲಿನಲ್ಲಿ ಸತ್ತವನೊಬ್ಬನ ಜಾಗವೂ ಕಾರಣವೂ ಇದೆ.

ಅಶ್ವತ್ಥದ ಸಂದೇಶ ಕಳೆದ ತಿಂಗಳು ಮತ್ತೆ ಬಂದಾಗ ನಾನು ಗ್ರೂಪಿನಲ್ಲಿ ಉತ್ತರಿಸದೆ ದೊಡ್ಡಪ್ಪನಿಗೆ ಫೋನು ಮಾಡಿ ಕಣಜದ ವಿಷಯ ಹೇಳಿದೆ. “ಹಂಗಾದ್ರೆ ರಾತ್ರಿ ಆಮ್ಲಜನಕ ಸುಳ್ಳು ಅಂತೀಯಾ?” ಎಂದು ಕೇಳಿದರು. “ಸುಳ್ಳು ದೊಡ್ಡಪ್ಪ, ಆದ್ರೆ ಕಟ್ಟೆ ಮೇಲೆ ಬಿದ್ದಿರೋ ಹಣ್ಣು ಒಂದ್ಸಲ ಬಿಡಿಸಿ ನೋಡಿ” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನಿಟ್ಟರು. ಎರಡು ದಿನಗಳ ನಂತರ ಗ್ರೂಪಿಗೆ ಒಂದು ಫೋಟೊ ಬಂತು: ಅಂಗೈ ಮೇಲೆ ಉಗುರಿನಿಂದ ಸೀಳಿದ ಕಡುನೇರಳೆ ಬಣ್ಣದ ಪುಟ್ಟ ಹಣ್ಣು, ಪಕ್ಕದಲ್ಲಿ ಎಳ್ಳಿಗಿಂತ ಸಣ್ಣದಾದ, ರೆಕ್ಕೆಯಿಲ್ಲದ ಎರಡು ಚುಕ್ಕೆಗಳು. ಕೆಳಗೆ ಅವರು ಬರೆದಿದ್ದರು: “ನಮ್ಮ ರಸ್ತೆ ಕಟ್ಟೆ, ಬೆಳಿಗ್ಗೆ 7 ಗಂಟೆ. ಹದಿನಾಲ್ಕು ಹಣ್ಣು ಬಿಡಿಸಿದೆ, ಒಂಬತ್ತರಲ್ಲಿ ತೂತು ಕಂಡಿತು.”